ಪತ್ರಾದ ಕೆಳಗ ಕೌದಿ

ಜನವರಿ ಎರಡನೇ ವಾರ, ಬೀದರದಾಗ
ಮುಂಜಾನಿ ಏಳಕ್ಕ ಮೀಟರ್ ಮುಂದ ನಿಂತ್ರ
ನನ್ನ ಉಸಿರೇ ಅದರ ಗಾಜಿನ ಮ್ಯಾಲ ಕೂತು
ಅಂಕಿ ಮುಚ್ಚತದ.
ಅಂಗಿ ತೋಳಿಲೆ ಒರಸಿ ಓದತೀನಿ.

ಬ್ಯಾಸಗಿಗಿ ಈ ಓಣಿ ಫ್ಯಾನಿನ ಲೆಕ್ಕ,
ಥಂಡಿಗಿ ಕಾಯಿಲಿನ ಲೆಕ್ಕ.
ಜಂಬಿಟ್ಟಿಗಿ ಕಲ್ಲಿನ ಹಳೇ ಮನಿಗೋಳು,
ಮೊಳ ದಪ್ಪ ಗ್ವಾಡಿ, ಮ್ಯಾಲ ಮಣ್ಣಿನ ಮಾಳಿಗಿ,
ಹಗಲೆಲ್ಲ ಕುಡದ ಬಿಸಲ
ನಡುರಾತ್ರಿ ತನಕ ಬಿಡತಿದ್ದವು
ಮುದುಕಿ ಕತಿ ಹೇಳಿದಂಗ, ಒಮ್ಮೆಲೇ ಅಲ್ಲ.
ಅವನ್ನ ಕೆಡವಿ ನಾಕಿಂಚಿನ ಇಟ್ಟಂಗಿ, ಮ್ಯಾಲ ಪತ್ರಾ.
ಸಂಜಿ ಆರಕ್ಕ ಪತ್ರಾ ತನ್ನ ಬಿಸಿ
ಮುಗಲಿಗಿ ಕೊಟ್ಟು ಕೈ ತೊಳಕೋತದ.

ಚೌಬಾರಾ ಹಿಂದಿನ ಓಣಿ, ಸೋಜರಬಾಯಿ.
ವರ್ಷಪೂರ್ತಿ ಸೊನ್ನಿ ಬಿಲ್ಲಿನ ಮನಿ.
ಈ ಸಲ ಮಶೀನು ಉಗಳಿತು:
ಇನ್ನೂರಾ ಹದಿನಾರು.
ಆಕಿ ಚೀಟಿ ನೋಡಲಿಲ್ಲ, ನನ್ನ ಮಾರಿ ನೋಡಿದಳು.

"ಮೊಮ್ಮಗಳಿಗಿ ದಮ್ಮು. ರಾತ್ರಿ ಹೀಟರ್ ಹಚ್ಚತೀನಿ ಖರೆ.
ಕೆಂಪಗ ಕೂತಿರತದ ಮೂಲ್ಯಾಗ,
ಕಾಲಷ್ಟೇ ಸುಡತದ, ಬೆನ್ನಿಗಿ ಹಂಗೇ ಥಂಡಿ.
ಮೀಟರ್ ಓಡತದ, ಮನಿ ಎಲ್ಲಿತ್ತೋ ಅಲ್ಲೇ.
ನಾ ಯಾರಿಗಿ ಬಿಸಿ ಮಾಡ್ಲಿಕತ್ತೀನಿ ಹೇಳು, ವೈಜಿನಾಥ?"

ನನ್ನ ಕೈಯಾಗಿನ ಮಶೀನಿನಾಗ
ಅದಕ್ಕ ಗುಂಡಿ ಇಲ್ಲ.

ಎದುರು ಮನ್ಯಾಕಿ, ಪಾಲಿಟೆಕ್ನಿಕ್ ಹುಡುಗಿ ನಿಲೋಫರ್
ಊದಿನಕಡ್ಡಿ ಹಚ್ಚಿ ಬಾಗಲ ಸಂದಿಗಿ ಹಿಡದಳು.
ಹೊಗಿ ಒಳಗ ಬಾಗಿತು, ಬೀಗರು ಬಂದಂಗ.
ಗ್ವಾಡಿ ಪತ್ರಾ ಕೂಡೋ ಕಡಿ
ನಿಚ್ಚಣಿಕಿ ಹತ್ತಿ ಹಿಡದಳು,
ಹೊಗಿ ಹೊರಗ ಓಡಿತು ಸಾಲಿ ಬಿಟ್ಟ ಮಕ್ಕಳಂಗ.

ಬಿಲ್ಲಿನ ಹಿಂದ ಪೆನ್ಸಿಲಿಲೆ ಗೀಚಿದಳು:
ಪತ್ರಾ, ಕೆಳಗ ಗೇಣು ಬಯಲು,
ಅದರ ಕೆಳಗ ಏನರೆ ಮೆತ್ತಂದು.
"ಅಲ್ಲಾಡದಂಗ ಹಿಡದ ಗಾಳಿ ಅದಲ್ಲ ಅವ್ವಾ,
ಅದೇ ಬೆಚ್ಚಗಿಡೂದು."

ಸೋಜರಬಾಯಿ ಬಾಯಿಗಿ ಸೆರಗ ಒತ್ತಿ ನಕ್ಕಳು.
ನಲವತ್ತು ವರ್ಷ ಕೌದಿ ಹೊಲದ ಕೈ ಅವು.
"ಇಷ್ಟಕ್ಕ ಕಾಲೇಜ್ ಬೇಕೇನ ಮಗಳ?
ಹಳೇ ಸೀರಿ ಏಳು ಪದರ ಯಾಕ ಹಾಕತೀವಿ?
ಅರಬಿ ಬೆಚ್ಚಗಿರಲ್ಲ. ನಡಕಿನ ಸಂದಿ ಬೆಚ್ಚಗ."

"ಆದ್ರ ಹೀಟರ್ ಹೊರಗ ಹೋದ ಮ್ಯಾಲೇ ಕೌದಿ ಮ್ಯಾಲ,"
ಅಂದಳು ನಿಲೋಫರ್. ನಗಲಿಲ್ಲ.

ಆರು ದಿನ ಹೊಲದರು.
ಗೋದಿ ಚೀಲ ಕೆಳಗ, ತೊಗರಿ ಚೀಲ ಮ್ಯಾಲ,
ನಡುವ ಮದುವಿ ಸೀರಿ, ಸತ್ತ ಗಂಡನ ಧೋತರ,
ನನ್ನದೊಂದು ಖಾಕಿ ಅಂಗಿ,
ಹುಳ ಹತ್ತಬಾರದಂತ ಒಣ ಬೇವಿನ ಎಲಿ.
ಬಾಗಲ ಕೆಳಗ ಉಸುಕ ತುಂಬಿದ ಉದ್ದಾನ ಚೀಲ.
ಖಿಡಕಿ ಸಂದಿಗಿ ಸುಣ್ಣ ಸಣಬು ಕಲಸಿದ ಮುದ್ದಿ.
ಬೆಳಕಿಂಡಿ ಒಂದು ಬಿಟ್ಟರು, ಉಸಿರಾಡ್ಲಿಕ್ಕ.
ದಕ್ಷಿಣದ ಖಿಡಕಿಗಿ ಬಡದಿದ್ದ ರಟ್ಟು ಕಿತ್ತು
ಬಿಸಲ ಒಳಗ ಕರದರು,
ಅದಕ್ಕ ಯೂನಿಟ್ ಇಲ್ಲ.

ನಾಕನೇ ರಾತ್ರಿಗಿ ಕೌದಿ ತೊಟ್ಟಿಕ್ಕಿತು.
ಪತ್ರಾದ ಒಳಮೈ ಬೆವತು ಹನಿ ಹನಿ ಇಳದಿತ್ತು.
ನಿಲೋಫರ್ ಲೆಕ್ಕದಾಗ ಮನಿಯ ಉಸಿರು ಇರಲಿಲ್ಲ,
ಅನ್ನದ ಹಬಿ, ನಾಕು ಜನರ ನಿದ್ದಿ.
ಎಲ್ಲ ಇಳಿಸಿ ಬಿಸಲಿಗಿ ಹಾಕಿ,
ಖತಗೊಬ್ಬರದ ಚೀಲದ ಪ್ಲಾಸ್ಟಿಕ್ ತೊಳದು
ಕೆಳಮೈಗಿ ಹೊಲದು ಮತ್ತ ಏರಿಸಿದರು.
ಬೈಕೋತ ಏರಿಸಿದರು.

ಫೆಬ್ರುವರಿ: ನೂರಾ ಮೂವತ್ತೊಂದು.
ಸೊನ್ನಿ ಬಿಲ್ಲು.
ಥಂಡಿ ಇಳದಿದ್ದಕ್ಕೂ ಇರಬಹುದು, ಅಂದೆ.
"ಇರಬಹುದು. ಹುಡುಗಿ ಮಲಗ್ಯಾಳ,
ಸಣ್ಣಾಗಿ ಮಾತಾಡು."

ಹದಿನೇಳು ವರ್ಷ ಓದೀನಿ ಈ ಅಂಕಿ,
ಜನ ಸುಟ್ಟಿದ್ದು ಇಷ್ಟು ಅಂತ ತಿಳದು.
ಸಂದ್ಯಾಗ ಸೋರಿದ್ದೆಷ್ಟು, ಮೈಗಿ ಹತ್ತಿದ್ದೆಷ್ಟು,
ಮೀಟರಿಗೂ ಗೊತ್ತಿಲ್ಲ.

ಆ ಸಂಜಿ ಮನಿಗಿ ಹೋಗಿ ಊದಿನಕಡ್ಡಿ ಹಚ್ಚಿದೆ.
ಹೆಂಡತಿ ದೇವರ ಮುಂದಿಂದ ಸರದು
ಜಾಗ ಮಾಡಿದಳು.
ನಾ ಬಾಗಲ ಕಡಿ ಹೋದೆ.